ಮರದ ಮೇಲೊಂದು ಮರ
(ಬಾನುಲಿ ಭಾಷಣ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ನಾವು ಮರದ ನೆರಳಿನಲ್ಲಿ ಹುಟ್ಟಿ ಮರದ ನೆರಳಿನಲ್ಲೇ ಬಾಳುವವರು. ಆದರೂ ಮರಗೆಲಸದ ಮರ್ಮ ನಮಗೆ ಅಷ್ಟಾಗಿ ತಿಳಿಯದು. ಅದಕ್ಕೆ ಕಾರಣ ನಮ್ಮ ತೆಂಗೇ ಇರಬೇಕು. ಕಲ್ಪವೃಕ್ಷವೆಂಬ ಬಿರುದು ಹೊತ್ತ ಈ ಮರ ಎಳನೀರು ಕೊಡುತ್ತದೆ, ಕೊಬ್ಬರಿ ಕೊಡುತ್ತದೆ, ನಾರು, ಗರಿ, ಚಿಪ್ಪು ಎಲ್ಲವನ್ನೂ ಕೊಡುತ್ತದೆ. ಕಣ್ಣಿಗೆ ಹಬ್ಬವಾಗುವಂಥ ಒಂದು ಹಲಗೆಯನ್ನು ಮಾತ್ರ ಕೊಡಲಾರದು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ತೇಗ, ಹಲಸುಗಳಿಗಿಂತ ಹುಲ್ಲಿಗೆ ಹತ್ತಿರದ ನೆಂಟ. ಅದಕ್ಕೆ ವರ್ಷವರ್ಷದ ಬಳೆಗಳಿಲ್ಲ; ಕೊಂಬೆಗಳಿಲ್ಲದ್ದರಿಂದ ಗಂಟುಗಳಿಲ್ಲ. ನಾರಿನ ಕಟ್ಟುಗಳು ಸಿಪ್ಪೆಯ ಕಡೆ ಒತ್ತೊತ್ತಾಗಿ, ನಡುವಿನಲ್ಲಿ ವಿರಳವಾಗಿ ಹರಡಿವೆ. ಬಲಿತ ಮರದ ಹೊರಭಾಗ ಘನಮೀಟರಿಗೆ 600 ಕಿಲೋಗ್ರಾಂ ಮೀರಿ ತೂಗಿದರೆ, ಒಳಭಾಗ 400ಕ್ಕೂ ಕಡಿಮೆ. ಹೊರಗೆ ಕಬ್ಬಿಣ, ಒಳಗೆ ಬೆಂಡು. ತೊಲೆ ಮಾಡುವವರು ಹೊರಗಿನದನ್ನು ಇಟ್ಟುಕೊಂಡು ಒಳಗಿನದನ್ನು ಬಿಸುಡುವುದು ಇದಕ್ಕಾಗಿಯೇ. ಹೊರಗೊಂದು ಒಳಗೊಂದು ಎಂಬ ಮಾತನ್ನು ನಾವು ಬೈಗುಳವಾಗಿ ಬಳಸುತ್ತೇವೆ. ನಮ್ಮ ಮನೆಯ ಸೂರನ್ನು ಹೊತ್ತು ನಿಂತಿರುವುದು ಅಂಥದೇ ಒಂದು ಮರ.

ಈ ವಿಚಾರ ನನ್ನ ತಲೆಗೆ ಹತ್ತಿದ್ದು ಒಂದು ಗಿಟಾರಿನ ದೆಸೆಯಿಂದ. ನನ್ನ ಅಣ್ಣನ ಮಗ, ಕಾಲೇಜು ಓದುತ್ತಿರುವ ಹುಡುಗ, ಎರಡು ವರ್ಷ ಕೂಡಿಟ್ಟ ಹಣದಲ್ಲಿ ವಿದ್ಯುತ್ ಗಿಟಾರೊಂದನ್ನು ಕೊಂಡು ತಂದ. ಅದರ ಮೈಮೇಲೆ ಹುಲಿಪಟ್ಟೆಯಂಥ ಚಿತ್ತಾರ. ಓರೆ ಮಾಡಿ ಹಿಡಿದರೆ ಪಟ್ಟೆಗಳು ಜರುಗುತ್ತವೆ, ದೀಪದ ಬೆಳಕಿಗೆ ಉರಿಯಂತೆ ನಲಿಯುತ್ತವೆ. ಮನೆಮಂದಿಯೆಲ್ಲ ನೋಡಿ ಮೆಚ್ಚಿದೆವು. ಕೆಲವು ತಿಂಗಳ ಮೇಲೆ ಒಂದು ದಿನ ಅದು ಕುರ್ಚಿಯಿಂದ ಜಾರಿಬಿದ್ದು ಅಂಚಿನಲ್ಲಿ ಒಂದು ಚಕ್ಕೆ ಎದ್ದಿತು. ಚಕ್ಕೆಯ ಕೆಳಗೆ ಹುಲಿಯೂ ಇಲ್ಲ, ಪಟ್ಟೆಯೂ ಇಲ್ಲ. ಬಿಳಿಚಿದ ಸಾಧಾರಣ ಮರ. ಹುಡುಗನ ಮುಖವೂ ಹಾಗೆಯೇ ಬಿಳಿಚಿತು. “ಚಿಕ್ಕಪ್ಪ, ಇದು ಮೋಸ ಅಲ್ವಾ?” ಎಂದು ಕೇಳಿದ. ಅಂಗಡಿಯವನು ಅದನ್ನು ಮಾರುವಾಗ ಬರಿಯ ಮೇಪಲ್ ಎಂದಷ್ಟೇ ಹೇಳಿದ್ದನಂತೆ.

ನಮ್ಮ ಬೀದಿಯ ಆಚಾರ್ಯರಿಗೆ ತೋರಿಸಿದೆ. ಅವರು ಉಗುರಿನಿಂದ ಅಂಚನ್ನು ಸವರಿ, ಕನ್ನಡಕವನ್ನು ಹಣೆಗೇರಿಸಿ, “ವಿನೀರು ಮೇಷ್ಟ್ರೇ. ಒಂದು ವೀಳ್ಯದೆಲೆಯಷ್ಟು ದಪ್ಪ. ಒಳಗಿನ ಮರ ಏನೂ ಕೆಟ್ಟದ್ದಲ್ಲ” ಎಂದರು. ನಾನು ಮೋಸದ ಮಾತೆತ್ತಿದೆ. ಅವರು ನಕ್ಕು, “ನಿಮ್ಮ ಪುಸ್ತಕದ ಬೀರು ಮತ್ತೇನು ಅಂದ್ಕೊಂಡಿದ್ದೀರಿ? ಪ್ಲೈವುಡ್ಡಿನ ಮೇಲೆ ತೇಗದ ಎಲೆ. ನಾನೇ ಅಂಟಿಸಿದ್ದು” ಎಂದರು. ಇಪ್ಪತ್ತು ವರ್ಷ ಅದನ್ನು ತೇಗದ ಬೀರುವೆಂದೇ ಬಂದವರಿಗೆಲ್ಲ ತೋರಿಸಿದ್ದ ನನಗೆ ಹುಡುಗನ ಪ್ರಶ್ನೆ ನನ್ನದೇ ಪ್ರಶ್ನೆಯಾಯಿತು. ಮರದ ಮೇಲೆ ಮರದ ಹೊದಿಕೆ ಹೊದಿಸುವುದು ಕಲೆಯೋ, ಕಪಟವೋ?

ಈ ಪ್ರಶ್ನೆ ಬಹಳ ಹಳೆಯದು. ಬೆಲೆಯುಳ್ಳ ಮರವನ್ನು ತೆಳುವಾಗಿ ಸೀಳಿ ಸಾಧಾರಣ ಮರದ ಮೇಲೆ ಅಂಟಿಸುವ ವಿದ್ಯೆಯನ್ನು ಪ್ರಾಚೀನ ಈಜಿಪ್ಟಿನವರು ಬಲ್ಲವರಾಗಿದ್ದರು. 1922ರಲ್ಲಿ ತೆರೆದ ತೂತನ್‌ಖಾಮನ್ ದೊರೆಯ ಸಮಾಧಿಯಲ್ಲಿ, ಮೂರು ಸಾವಿರ ವರ್ಷಗಳಿಗೂ ಹಿಂದಿನ ಅಂಥ ಪೆಟ್ಟಿಗೆಗಳು ದೊರೆತವು. ಒಳ್ಳೆಯ ಮರ ವಿರಳವಾದ ಆ ಮರಳುನಾಡಿನಲ್ಲಿ ಹೊದಿಕೆ ಬಡವರ ಉಪಾಯವಾಗಿರಲಿಲ್ಲ, ಅರಸರ ವೈಭವವಾಗಿತ್ತು. ಕ್ರಿಸ್ತಶಕ ಮೊದಲ ಶತಮಾನದ ರೋಮಿನ ಪ್ಲೀನಿ ಮಾತ್ರ ತನ್ನ ‘ನಿಸರ್ಗ ಚರಿತ್ರೆ’ಯಲ್ಲಿ ಇದನ್ನು ಕಂಡು ಹುಬ್ಬು ಗಂಟಿಕ್ಕುತ್ತಾನೆ. ಒಂದೇ ಮರವನ್ನು ಹಲವು ಸಲ ಮಾರುವ ಸಲುವಾಗಿ ಜನ ತೆಳು ಹಾಳೆಗಳನ್ನು ಕಂಡುಹಿಡಿದರೆಂಬುದು ಅವನ ದೂರು. ಹತ್ತೊಂಬತ್ತನೆಯ ಶತಮಾನದ ಯಂತ್ರಗಳು ಬಂದಮೇಲೆ ಹಾಳೆ ಇನ್ನೂ ತೆಳುವಾಯಿತು, ಅಗ್ಗವಾಯಿತು. ಜೊತೆಗೆ ಹೆಸರೂ ಕೆಟ್ಟಿತು. 1864-65ರಲ್ಲಿ ಡಿಕನ್ಸ್ ‘ಅವರ್ ಮ್ಯೂಚುವಲ್ ಫ್ರೆಂಡ್’ ಕಾದಂಬರಿಯನ್ನು ಬರೆದಾಗ, ಹೊಸ ಹಣದ ಥಳಕಿನ ಸಂಸಾರವೊಂದಕ್ಕೆ ವಿನೀರಿಂಗ್ ಎಂದೇ ಹೆಸರಿಟ್ಟ. ಬಡಗಿಯ ಮಾತು ಅಲ್ಲಿಗೆ ನೀತಿಯ ಮಾತಾಗಿಬಿಟ್ಟಿತು.

ಇನ್ನು ಗಿಟಾರಿನ ಕಥೆ. ತಂತಿಯ ಕಂಪನವನ್ನು ಕಾಂತದ ಮೂಲಕ ವಿದ್ಯುತ್ತಾಗಿಸಿ ದೊಡ್ಡದು ಮಾಡುವ ಗಿಟಾರು 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಬಂದಿತು. ಟೊಳ್ಳು ಡಬ್ಬ ಇನ್ನು ಅಗತ್ಯವಿಲ್ಲ, ಗಟ್ಟಿ ಮರವೇ ಸಾಕೆಂದು ಬಗೆದವರಲ್ಲಿ ಲೆಸ್ ಪಾಲ್ ಎಂಬ ವಾದಕ ಒಬ್ಬ. 1940ರ ಸುಮಾರಿನಲ್ಲಿ ಅವನು ನಾಲ್ಕಂಗುಲ ಚದರದ ಪೈನ್ ಮರದ ತುಂಡೊಂದಕ್ಕೆ ತಂತಿ ಬಿಗಿದು ಒಂದು ವಾದ್ಯವನ್ನು ಮಾಡಿಕೊಂಡ. ಅದಕ್ಕೆ ‘ಲಾಗ್’, ಅಂದರೆ ದಿಮ್ಮಿ ಎಂದೇ ಹೆಸರಾಯಿತು. ನಾದವೆಲ್ಲ ಆ ದಿಮ್ಮಿಯದೇ. ಆದರೆ ತೊಲೆಯಂಥ ಅದರ ರೂಪವನ್ನು ಜನ ಗಿಟಾರೆಂದು ಒಪ್ಪಲಿಲ್ಲ. ಆಗ ಅವನು ಹಳೆಯ ಗಿಟಾರೊಂದನ್ನು ಸೀಳಿ ಅದರ ಎರಡು ಪಕ್ಕೆಗಳನ್ನು ದಿಮ್ಮಿಯ ಇಕ್ಕೆಲಕ್ಕೂ ಜೋಡಿಸಿದ. ನಾದಕ್ಕೆ ಅವುಗಳಿಂದ ಆಗಬೇಕಾದ್ದು ಬಹಳವಿಲ್ಲ. ಆದರೆ ಕೇಳುವವರ ಕಣ್ಣಿಗೆ ಸಮಾಧಾನವಾಯಿತು. ಕಿವಿಗಾಗಿ ಹುಟ್ಟಿದ ವಾದ್ಯವೂ ಕಣ್ಣಿನ ಅಪ್ಪಣೆ ಪಡೆಯಬೇಕೆಂಬುದು ಗಟ್ಟಿಮೈ ಗಿಟಾರಿನ ಚರಿತ್ರೆಯ ಮೊದಲ ಪುಟದಲ್ಲೇ ಬರೆದಿದೆ.

1952ರಲ್ಲಿ ಗಿಬ್ಸನ್ ಕಂಪನಿ ಇದೇ ಲೆಸ್ ಪಾಲನ ಹೆಸರಿನಲ್ಲಿ ಗಟ್ಟಿಮೈ ಗಿಟಾರೊಂದನ್ನು ಹೊರತಂದಿತು. ಕೆಳಗೆ ಮಹಾಗನಿ ಮರ, ಅದರ ಮೇಲೆ ಅರ್ಧ ಅಂಗುಲಕ್ಕೂ ಮಿಕ್ಕ ದಪ್ಪದ ಮೇಪಲ್ ಹಲಗೆ, ಅದರ ಮೇಲೆ ಚಿನ್ನದ ಬಣ್ಣ. ಒಳಗಿನ ಮೇಪಲ್ ಎಷ್ಟೇ ಸುಂದರವಾಗಿದ್ದರೂ ಕಾಣುವಂತಿರಲಿಲ್ಲ. 1958ರಲ್ಲಿ ಚಿನ್ನವನ್ನು ಬಿಟ್ಟು, ನಡುವೆ ಹೊಂಬಣ್ಣ, ಅಂಚಿಗೆ ಕೆಂಪಾಗುವ ಪಾರದರ್ಶಕ ಬಣ್ಣವನ್ನು ಬಳಿದರು. ಮುಸುಕು ತೆಗೆದಂತಾಯಿತು. ಕೆಲವು ಗಿಟಾರುಗಳಲ್ಲಿ ಉರಿಯಂಥ ಪಟ್ಟೆ, ಕೆಲವುಗಳಲ್ಲಿ ಏನೂ ಇಲ್ಲ, ಹಲಗೆಯ ಅದೃಷ್ಟವಿದ್ದಂತೆ. 1960ರ ವರೆಗೆ ತಯಾರಾದದ್ದು ಎರಡು ಸಾವಿರಕ್ಕೂ ಕಡಿಮೆ. ಅವೂ ಚೆನ್ನಾಗಿ ಮಾರಾಟವಾಗದೆ ಕಂಪನಿ ಆ ಮಾದರಿಯನ್ನೇ ಕೈಬಿಟ್ಟಿತು. 1966ರಲ್ಲಿ ಎರಿಕ್ ಕ್ಲ್ಯಾಪ್ಟನ್ ಅಂಥದೊಂದನ್ನು ಜಾನ್ ಮೇಯಲ್ಲನ ತಂಡದ ಧ್ವನಿಮುದ್ರಿಕೆಯಲ್ಲಿ ನುಡಿಸಿದಮೇಲೆ ಜನ ಹುಡುಕಿಕೊಂಡು ಹೊರಟರು. ಇಂದು ಆ ಗಿಟಾರುಗಳ ಬೆಲೆ ಬಂಗಲೆಗಳ ಬೆಲೆ. ಪಟ್ಟೆ ಹೆಚ್ಚಿದಷ್ಟೂ ಬೆಲೆ ಹೆಚ್ಚು. ಹುಡುಗನ ಗಿಟಾರಿನ ಮೇಲಿದ್ದ ಹುಲಿಪಟ್ಟೆ ಈ ಪೂರ್ವಜರ ಛಾಯೆ.

ಪಟ್ಟೆ ಎಂದರೇನು? ಮೇಪಲ್ ಮರದ ನಾರುಗಳು ಕೆಲವು ಮರಗಳಲ್ಲಿ ನೆಟ್ಟಗೆ ಏರದೆ ಅಲೆಅಲೆಯಾಗಿ ಬಳುಕಿ ಏರುತ್ತವೆ. ಅಂಥ ಮರವನ್ನು ಕೊಯ್ದು ನುಣುಪು ಮಾಡಿದಾಗ ಅಲೆಯ ಒಂದು ಮಗ್ಗುಲು ಬೆಳಕನ್ನು ನಮ್ಮ ಕಡೆಗೆ ತಿರುಗಿಸುತ್ತದೆ, ಇನ್ನೊಂದು ಮಗ್ಗುಲು ನುಂಗಿಕೊಳ್ಳುತ್ತದೆ. ನಾವು ಸರಿದರೆ ಪಟ್ಟೆಯೂ ಸರಿಯುತ್ತದೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಿರುವ ರೇಷ್ಮೆ ಸೀರೆಯ ಮಿಂಚು ಇದಕ್ಕೆ ಹತ್ತಿರದ ಹೋಲಿಕೆ. ಯುರೋಪಿನ ಪಿಟೀಲುಗಳ ಬೆನ್ನಿನಲ್ಲಿ ಶತಮಾನಗಳಿಂದ ಇದೇ ಮರ, ಇದೇ ಅಲೆ. ಅದು ಬಣ್ಣವಲ್ಲ, ಬರೆದದ್ದಲ್ಲ. ಮರ ಬೆಳೆದ ಬಗೆಯೇ ಅದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ಗಟ್ಟಿ ಮೇಪಲ್’ ಎಂದು ಕೊಂಡಾಡುವ ಆ ಹಳೆಯ ಗಿಟಾರಿನಲ್ಲೂ ಮೇಪಲ್ ಇರುವುದು ಮಹಾಗನಿಗೆ ಅಂಟಿಸಿದ ಪದರವಾಗಿಯೇ. ಹಾಗಾದರೆ ದಪ್ಪ ಪದರಕ್ಕೂ ತೆಳು ಪದರಕ್ಕೂ ಇರುವ ಅಂತರ ಮಿಲಿಮೀಟರಿನದು ಮಾತ್ರವೆ? ಒಂದು ಹನ್ನೆರಡು ಮಿಲಿಮೀಟರು, ಇನ್ನೊಂದು ಅರ್ಧವೋ ಮುಕ್ಕಾಲೋ ಮಿಲಿಮೀಟರು. ಬಡಗಿಯ ಕೈಯಲ್ಲಿ ಈ ಅಂತರ ಗುಣದ ಅಂತರವಾಗುತ್ತದೆ. ದಪ್ಪ ಹಲಗೆಯನ್ನು ಉಳಿಯಿಂದ ಕೆತ್ತಿ ಬೆನ್ನುಬ್ಬಿನ ಆಕಾರ ಕೊಡಬಹುದು. ಎಷ್ಟು ಕೆತ್ತಿದರೂ ಅಲೆ ಅಲ್ಲೇ ಇರುತ್ತದೆ. ಹಾಳೆಯನ್ನು ಕೆತ್ತಲಾಗದು, ಮೆಲ್ಲಗೆ ಬಾಗಿಸಬಹುದು, ಅಷ್ಟೆ. ದಪ್ಪ ಹಲಗೆ ಗೀರು ಬಿದ್ದರೆ ಉಜ್ಜಿ ಹೊಸದು ಮಾಡಬಹುದು. ಹಾಳೆಯನ್ನು ಎರಡು ಸಲ ಉಜ್ಜಿದರೆ ಕೆಳಗಿನ ಮರ ಇಣುಕುತ್ತದೆ. ಇಷ್ಟು ಲಾಭ ಗಟ್ಟಿ ಹಲಗೆಗೆ ನಿಸ್ಸಂದೇಹವಾಗಿ ಸಲ್ಲಬೇಕು.

ನಾದದ ಮಾತು ಬೇರೆ. ವಿದ್ಯುತ್ ಗಿಟಾರಿನ ಪಿಕಪ್ಪು ಗ್ರಹಿಸುವುದು ಉಕ್ಕಿನ ತಂತಿಯ ಅಲುಗಾಟವನ್ನು. ಮೈಮರದ ಪಾಲು ಎಷ್ಟೆಂದು ವಾದಕರು ಇಂದಿಗೂ ಜಗಳವಾಡುತ್ತಾರೆ. ಆದರೆ ಅರ್ಧ ಮಿಲಿಮೀಟರಿನ ಹಾಳೆ ನಾದವನ್ನು ಕೆಡಿಸುತ್ತದೆಂದು ಹೇಳಲು ಆಧಾರವಿಲ್ಲ. ಅಲೆಯ ಪಟ್ಟೆ ನಾದವನ್ನು ಬೆಳಗುತ್ತದೆನ್ನಲೂ ಇಲ್ಲ. ಅದೇ ಗಿಬ್ಸನ್ ಕಂಪನಿ 1958ರಲ್ಲೇ ತಂದ ಅರೆಟೊಳ್ಳು ಗಿಟಾರು ಇಎಸ್-335ರ ಮೈ ತೆಳು ಹಾಳೆಗಳನ್ನು ಒತ್ತಿ ಮಾಡಿದ ಪ್ಲೈವುಡ್ಡಿನದು. ಅದೇ ವಂಶದ ಗಿಟಾರುಗಳನ್ನು ಬಿ. ಬಿ. ಕಿಂಗ್ ‘ಲೂಸಿಲ್’ ಎಂದು ಹೆಸರಿಟ್ಟು ನುಡಿಸಿದ. ಆ ನಾದ ಕೇಳಿ ಕಣ್ಣೊದ್ದೆ ಮಾಡಿಕೊಂಡವರಾರೂ ಅದು ಪ್ಲೈವುಡ್ಡೆಂದು ದೂರಲಿಲ್ಲ.

ವಿದ್ಯುತ್ತಿಲ್ಲದ ಗಿಟಾರಿನಲ್ಲಿ ಮರಕ್ಕೆ ಹೆಚ್ಚು ಹೊಣೆ. ಅಲ್ಲಿ ಮೇಲಿನ ಹಲಗೆಯೇ ಕಂಪಿಸಿ ಗಾಳಿಯನ್ನು ನುಡಿಸಬೇಕು. ಸ್ಪೇನಿನ ಆಂಟೋನಿಯೊ ದ ತೋರೆಸ್ ಇದನ್ನು ಸಾಧಿಸಿ ತೋರಿಸಲು 1862ರಲ್ಲಿ ಒಂದು ವಿಚಿತ್ರ ಗಿಟಾರು ಮಾಡಿದ: ಮೇಲಿನ ಹಲಗೆ ಒಳ್ಳೆಯ ಮರದ್ದು, ಬೆನ್ನು ಮತ್ತು ಪಕ್ಕೆಗಳು ಬರಿಯ ರಟ್ಟಿನವು. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ವಿದ್ವಾಂಸರು, ಬೆನ್ನು ಮತ್ತು ಪಕ್ಕೆಗಳ ಮರವನ್ನು ಬಿಟ್ಟರೆ ಮಿಕ್ಕೆಲ್ಲ ಒಂದೇ ಬಗೆಯಾದ ಆರು ಗಿಟಾರುಗಳನ್ನು, ಮರ ಕಾಣದಂತೆ, 52 ವಾದಕರ ಕೈಗೆ ಕೊಟ್ಟು ಪರೀಕ್ಷಿಸಿದರು. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ವಾದಕರು ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆ ಆರರಲ್ಲಿ ಒಂದು ನಮ್ಮ ಭಾರತದ ಬೀಟೆ.

ಬೀಟೆಯ ಹೆಸರು ಬಂದದ್ದರಿಂದ ನಮ್ಮ ನಾಡಿಗೆ ಮರಳೋಣ. ಕರ್ನಾಟಕದ ಮಲೆನಾಡಿನ ಬೀಟೆ, ಶ್ರೀಗಂಧ ತೇಗಗಳೊಡನೆ, ಅರಸರು ತಮ್ಮದೆಂದು ಕಾಯ್ದಿರಿಸಿಕೊಂಡ ಮರಗಳ ಸಾಲಿನಲ್ಲಿತ್ತು. ಜಗತ್ತಿನ ಗಿಟಾರುಗಳು ಬಹುಕಾಲ ಬಳಸಿದ್ದು ಬ್ರೆಜಿಲಿನ ಬೀಟೆಯನ್ನು. 1960ರ ದಶಕದ ಕೊನೆಗೆ ಬ್ರೆಜಿಲ್ ದಿಮ್ಮಿಗಳ ರಫ್ತನ್ನು ತಡೆದಾಗ, ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಪಶ್ಚಿಮಘಟ್ಟದ ಮರ ಹೀಗೆ ದೂರದ ದೇಶಗಳ ಹಾಡಿಗೆ ಬೆನ್ನಾಯಿತು. ಗಟ್ಟಿ ಮತ್ತು ತೆಳುವಿನ ವ್ಯಾಜ್ಯ ಬೀಟೆಯನ್ನೂ ಬಿಡಲಿಲ್ಲ. ಫೆಂಡರ್ ಕಂಪನಿ 1959ರಲ್ಲಿ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ ಬೆರಳುಹಲಗೆಗೆ ದಪ್ಪ ಬೀಟೆಯನ್ನಿಟ್ಟಿತು; 1962ರಲ್ಲಿ ಅದನ್ನು ತೆಳುಗೊಳಿಸಿ ಬಾಗಿಸಿ ಅಂಟಿಸಿತು. ದಪ್ಪದ್ದೇ ಮೇಲೆಂದು ಹಳೆಯ ಗಿಟಾರು ಕೂಡಿಡುವವರು ಹೆಚ್ಚು ಹಣ ತೆರುತ್ತಾರೆ. ತೆಳುವಿನದನ್ನು ನುಡಿಸಿದ ಮಹಾವಾದಕರು ಆ ಕೊರತೆಯನ್ನು ಗಮನಿಸಿದಂತೆ ಕಾಣುವುದಿಲ್ಲ. ಕೊನೆಗೆ ಬೀಟೆಯ ಕುಲವೇ ಅಪಾಯಕ್ಕೆ ಸಿಕ್ಕಿ, 2017ರಿಂದ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಹಿಡಿತಕ್ಕೆ ಬಂದಿತು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು.

ಗಟ್ಟಿತನದ ಹೆಮ್ಮೆ ನಮ್ಮ ವೀಣೆಯಲ್ಲೂ ಉಂಟು. ತೆಂಗಿನ ತೋಟದ ಬೇಲಿಯಂಚಿನಲ್ಲಿ ನಿಂತಿರುವ ಹಲಸನ್ನು ನಾವು ಹಣ್ಣಿನ ಮರವೆಂದಷ್ಟೇ ಬಲ್ಲೆವು. ವೀಣೆ ಮಾಡುವವರಿಗೆ ಅದು ನಾದದ ಮರ. ಕೊಡ, ದಂಡಿ, ಯಾಳಿಮುಖಗಳನ್ನು ಬೇರೆ ಬೇರೆ ಮಾಡಿ ಜೋಡಿಸಿದ ವೀಣೆ ಒಂದು ಬಗೆ. ಒಂದೇ ದಿಮ್ಮಿಯಲ್ಲಿ ಕಡೆದ ಏಕಾಂಡ ವೀಣೆ ಇನ್ನೊಂದು ಬಗೆ. ಏಕಾಂಡಕ್ಕೆ ಮರ್ಯಾದೆಯೂ ಹೆಚ್ಚು, ಬೆಲೆಯೂ ಹೆಚ್ಚು. ಆದರೆ ಏಕಾಂಡದ ಕೊಡವನ್ನೂ ತೋಡಿ ಟೊಳ್ಳು ಮಾಡಿದ ಮೇಲೆ ಅದರ ಬಾಯಿಗೆ ಬೇರೊಂದು ಹಲಗೆಯನ್ನು ಮುಚ್ಚಲೇಬೇಕು. ಒಂದೇ ಮರವೆಂಬ ಮಾತು ಅಲ್ಲಿಯೂ ಅಷ್ಟರಮಟ್ಟಿಗೆ ಸಡಿಲ. ಮೈಸೂರಿನ ಬೀಟೆಯ ಕೆತ್ತನೆಯವರದು ಮೂರನೆಯ ದಾರಿ. ಅವರು ಬೀಟೆಯ ಮೈಯನ್ನು ಮುಚ್ಚುವುದಿಲ್ಲ. ಚಿತ್ರದ ಆಕಾರಕ್ಕೆ ಮೈಯನ್ನು ತೋಡಿ ಬೇರೆ ಬಣ್ಣದ ಮರದ ಚೂರುಗಳನ್ನು, ಹಿಂದೆ ದಂತವನ್ನು, ಕೂರಿಸುತ್ತಾರೆ. ಅಲ್ಲಿ ಅಲಂಕಾರ ಮರೆಮಾಚುವುದಿಲ್ಲ, ಜೊತೆಗೂಡುತ್ತದೆ.

ಅಲಂಕಾರವೆಂದ ಕೂಡಲೇ ನಮ್ಮ ಸೀಮೆಯ ಒಬ್ಬ ಹಿರಿಯರ ನೆನಪಾಗದಿರದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಅಲಂಕಾರ, ಧ್ವನಿ, ರಸಗಳ ತತ್ತ್ವವನ್ನು ಕನ್ನಡಿಗರಿಗೆ ತಿಳಿಗನ್ನಡದಲ್ಲಿ ಬಿಡಿಸಿ ಹೇಳಿದರು. ಆ ಶಾಸ್ತ್ರವನ್ನು ಗಿಟಾರಿಗೆ ಹಚ್ಚುವುದು ಅಧಿಕಪ್ರಸಂಗವೆನಿಸೀತು, ಆದರೂ ಹಚ್ಚುತ್ತೇನೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ಕಾವ್ಯದ ಆತ್ಮವನ್ನು ಧ್ವನಿ ಎಂದು ಕರೆದ. ಘಂಟೆಯನ್ನು ಬಡಿದಮೇಲೂ ಉಳಿಯುವ ಅನುರಣನ ಅವನಿಗೆ ಪ್ರಿಯವಾದ ಹೋಲಿಕೆ. ಧ್ವನಿಯಿಲ್ಲದೆ ಬರಿಯ ಅಲಂಕಾರದಿಂದ ಹೊಳೆಯುವುದನ್ನು ಅವನು ಚಿತ್ರಕಾವ್ಯವೆಂದು ಕೆಳಗಿಟ್ಟ. ಹಾಗೆಂದು ಅವನು ಅಲಂಕಾರದ ವೈರಿಯಲ್ಲ. ಕವಿ ರಸದಲ್ಲಿ ಮುಳುಗಿರುವಾಗ ಬೇರೊಂದು ಪ್ರಯತ್ನವಿಲ್ಲದೆ ತಾನಾಗಿ ಒದಗಿಬರುವ ಅಲಂಕಾರವೇ ನಿಜವಾದ ಅಲಂಕಾರವೆಂದು ಅವನ ಮತ.

ಗಟ್ಟಿ ಮೇಪಲ್ಲಿನ ಅಲೆ ಅಂಥ ಅಪೃಥಗ್ಯತ್ನದ ಅಲಂಕಾರ. ಮರ ಬೆಳೆಯುವಾಗಲೇ ಅದೂ ಬೆಳೆಯಿತು; ಎಷ್ಟು ಆಳಕ್ಕೆ ಇಳಿದರೂ ಸಿಗುತ್ತದೆ. ಹಾಳೆಯದು ಪೃಥಗ್ಯತ್ನ, ಬೇರೆಡೆಯಿಂದ ತಂದು ತೊಡಿಸಿದ್ದು. ಇನ್ನೂ ಕೆಳಗಿನದೊಂದಿದೆ. 1990ರ ದಶಕದಲ್ಲಿ ಜಪಾನಿನಲ್ಲಿ ತಯಾರಾದ ಕೆಲವು ಫೆಂಡರ್ ಗಿಟಾರುಗಳ ಮೇಲೆ ಪಟ್ಟೆಯ ಛಾಯಾಚಿತ್ರವನ್ನೇ ಮುದ್ರಿಸಿದ್ದರು. ‘ಫೋಟೊ ಫ್ಲೇಮ್’ ಎಂದೇ ಅದರ ಹೆಸರು. ಚಿತ್ರಕಾವ್ಯವೆಂಬ ಮಾತು ಅಲ್ಲಿ ಅಕ್ಷರಶಃ ನಿಜವಾಯಿತು. ಆದರೆ ಈ ಮೂರನ್ನೂ ಸಾಲಾಗಿ ಇಟ್ಟು ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಆನಂದವರ್ಧನನ ತಕ್ಕಡಿಯಲ್ಲಿ ತೂಗುವುದು ಧ್ವನಿ. ತೊಡವು ಎಲ್ಲಿಂದ ಬಂತೆಂಬುದು ಎರಡನೆಯ ಪ್ರಶ್ನೆ. ಅಲೆಯುಳ್ಳ ಗಟ್ಟಿ ಮೇಪಲ್ಲಿನ ಗಿಟಾರನ್ನು ಗಾಜಿನ ಬೀರುವಿನಲ್ಲಿ ಪೂಜೆಗಿಟ್ಟರೆ ಅದೂ ಚಿತ್ರವೇ. ಹಾಳೆ ಹೊದ್ದ ಗಿಟಾರಿನಿಂದ ಹುಡುಗನೊಬ್ಬ ರಾತ್ರಿಯೆಲ್ಲ ಕೂತು ಒಂದು ನಿಜವಾದ ಸ್ವರವನ್ನು ಎಬ್ಬಿಸಿದರೆ ಅಲ್ಲಿ ಧ್ವನಿಯಿದೆ.

ಹಾಳೆಯ ಪರವಾಗಿ ಇನ್ನೊಂದು ಮಾತು ಹೇಳಲೇಬೇಕು. ಹನ್ನೆರಡು ಮಿಲಿಮೀಟರಿನ ಒಂದು ಹಲಗೆಯಲ್ಲಿ 0.6 ಮಿಲಿಮೀಟರಿನ ಇಪ್ಪತ್ತು ಹಾಳೆಗಳಿವೆ. ಅಲಗಿನಿಂದ ಹಾಳೆ ಹೆರೆಯುವಾಗ ಗರಗಸದ ಹೊಟ್ಟಾಗಿ ಹೋಗುವ ನಷ್ಟವೂ ಇಲ್ಲ. ಒಂದೇ ಮರವನ್ನು ಹಲವು ಸಲ ಮಾರುತ್ತಾರೆಂದು ಪ್ಲೀನಿ ಗೊಣಗಿದ. ಅರಣ್ಯ ಕರಗುತ್ತಿರುವ ನಮ್ಮ ಕಾಲದಲ್ಲಿ ಅದೇ ದೂರು ಪ್ರಶಂಸೆಯಾಗಿ ಕೇಳಿಸುತ್ತದೆ: ಇಪ್ಪತ್ತು ಮನೆಗಳಿಗೆ ಒಂದೇ ಹಲಗೆಯ ಸೊಬಗು ಸಾಕಾಗುವುದಾದರೆ ಉಳಿದ ಹತ್ತೊಂಬತ್ತು ಹಲಗೆಗಳ ಮರ ಕಾಡಿನಲ್ಲೇ ನಿಂತಿರಲಿ.

ಹಾಗಾದರೆ ಹುಡುಗನ ನೋವು ಸುಳ್ಳೆ? ಅಲ್ಲ. ತುರುವೇಕೆರೆಯ ಗಂಗಾಧರೇಶ್ವರನ ಮುಂದೆ ಕರಿಯ ಕಲ್ಲಿನ ನಂದಿಯೊಂದು ಕೂತಿದೆ. ಬಿಸಿಲು ಮಳೆಗೆ ಮೈಯೊಡ್ಡಿಯೂ ಅದರ ಹೊಳಪು ಮಾಸಿಲ್ಲವೆಂದು ಹಿಂದಿನ ಗ್ಯಾಸೆಟಿಯರಿನವರೂ ಬೆರಗಾಗಿ ಬರೆದಿದ್ದಾರೆ. ಆ ಹೊಳಪು ಬಳಿದದ್ದಲ್ಲ. ಉಜ್ಜಿ ಉಜ್ಜಿ ಕಲ್ಲಿನಿಂದಲೇ ಎಬ್ಬಿಸಿದ್ದು. ಹೊರಗೆ ಕಂಡದ್ದೇ ಒಳಗೂ ಇರಲೆಂಬ ಆಸೆ ನಮ್ಮ ಕಣ್ಣಿಗೆ ಇಂಥ ಶಿಲ್ಪಗಳು ಕಲಿಸಿದ ಆಸೆ. ಅದನ್ನು ನಕ್ಕು ತಳ್ಳಿಬಿಡಲಾಗದು. ನಾನು ಇದನ್ನೆಲ್ಲ ಆಚಾರ್ಯರಿಗೆ ಹೇಳಿದಾಗ ಅವರು ಚಕ್ಕೆಗೆ ಅಂಟು ಸವರುತ್ತಲೇ, “ಮೇಷ್ಟ್ರೇ, ವಿನೀರು ಹಾಕೋದು ತಪ್ಪಲ್ಲ. ವಿನೀರು ಅಂತ ಹೇಳದೆ ಇರೋದು ತಪ್ಪು. ಬೀರು ಮಾಡಿದಾಗ ನಾನು ನಿಮ್ಮ ತಂದೆಯವರಿಗೆ ಹೇಳಿದ್ದೆ” ಎಂದರು. ಹುಡುಗನ ಕಡೆ ತಿರುಗಿ, “ಇನ್ನೊಂದು ಸಲ ಕೊಳ್ಳೋವಾಗ ಅಂಚು ನೋಡಪ್ಪ. ಮೇಲಿನ ಗೆರೆ ಪಕ್ಕಕ್ಕೂ ಇಳಿದು ಬಂದಿದ್ರೆ ಹಲಗೆ; ಅಂಚಲ್ಲೇ ನಿಂತುಬಿಟ್ಟಿದ್ರೆ ಎಲೆ. ಅಂಚಿಗೆ ಪಟ್ಟಿ ಕಟ್ಟಿ ಮುಚ್ಚಿದ್ರೆ ಕೇಳಿ ತಿಳ್ಕೋ” ಎಂದರು.

ನನ್ನ ತಂದೆಯವರು ಅದನ್ನು ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈಗ ಯಾರಾದರೂ ಬೀರುವನ್ನು ಮೆಚ್ಚಿದರೆ, ತೇಗದ ಎಲೆ ಹೊದ್ದ ಪ್ಲೈವುಡ್ಡೆಂದು ನಾನೇ ಮುಂದಾಗಿ ಹೇಳುತ್ತೇನೆ. ಹೇಳಿದ ಮೇಲೆ ಅದು ಮೊದಲಿಗಿಂತ ಚೆಲುವಾಗಿ ಕಾಣುತ್ತದೆ.

ನಮ್ಮ ಸೀಮೆಯವರಿಗೆ ಒಳಗನ್ನು ಅರಿಯುವ ಒಂದು ವಿದ್ಯೆ ಬಲು ಹಿಂದಿನಿಂದ ಬಂದಿದೆ. ಉಂಡೆ ಕೊಬ್ಬರಿಗಾಗಿ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುತ್ತೇವೆ. ಒಳಗಿನ ನೀರು ಹಿಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿತೋ ಇಲ್ಲವೋ ಎಂದು ತಿಳಿಯಲು ಯಾರೂ ಹೊರಗನ್ನು ನೋಡುತ್ತ ಕೂರುವುದಿಲ್ಲ. ಕಿವಿಯ ಬಳಿ ಹಿಡಿದು ಅಲುಗಿಸುತ್ತಾರೆ. ಒಳಗೆ ಗಡಗಡ ಸದ್ದಾದರೆ ಕಾಯಿ ಪಕ್ವವಾಯಿತು. ಮೊನ್ನೆ ಸಂಜೆ ನಮ್ಮ ಹುಡುಗ ಅಂಟು ಹಾಕಿದ ಆ ಗಿಟಾರನ್ನು ಹಜಾರದಲ್ಲಿ ನುಡಿಸುತ್ತಿದ್ದ. ಚಕ್ಕೆ ಕೂತ ಜಾಗದಲ್ಲಿ ಒಂದು ಸಣ್ಣ ಗೆರೆ ಉಳಿದಿತ್ತು. ನಾನು ಒಳಮನೆಯಲ್ಲಿ ಕಣ್ಣು ಮುಚ್ಚಿ ಕೂತು ಕೇಳಿದೆ. ಗೆರೆ ಕೇಳಿಸಲಿಲ್ಲ.